ಉಳಿದ ಆರು ಅಂಕ

ಲಕೋಟೆ ಬಂದು ಮೂರು ದಿನವಾಗಿತ್ತು. ಅಕ್ಕ ಅದನ್ನು ಜರ್ಮನ್ ನಿಘಂಟಿನ ಹೊಟ್ಟೆಯೊಳಗೆ ಅಡಗಿಸಿ, ಅದರ ಮೇಲೆ ಇಂಗ್ಲಿಷ್ ನಿಘಂಟು ಹೇರಿ, ಅದರ ಮೇಲೊಂದು ಮಡಿಸಿದ ಕಂಬಳಿಯನ್ನೂ ಇಟ್ಟಿದ್ದಳು. ಹೂತದ್ದು ಎದ್ದು ಬಾರದಿರಲಿ ಎಂದು ಕಲ್ಲು ಹೇರಿದ ಹಾಗೆ. ಆದರೂ ಅಡುಗೆಮನೆಯಲ್ಲಿ ನಿಂತರೆ ಅದು ಕಪಾಟಿನೊಳಗಿಂದ ಸಣ್ಣಗೆ ಕೆಮ್ಮಿದಂತೆ ಆಗುತ್ತಿತ್ತು.

ತಂಗಿ ಪುಟ್ಟಿ ದಿನಕ್ಕೆ ಎರಡು ಸಲವಾದರೂ ಕೇಳುತ್ತಿದ್ದಳು. ಪುಟ್ಟಿ ಎಂದರೆ ಪುಟ್ಟವಳೇನಲ್ಲ. ಮೂವತ್ತೇಳು ತುಂಬಿತ್ತು, ಕಿವಿಯ ಹಿಂದೆ ನಾಲ್ಕಾರು ಬಿಳಿಕೂದಲು ಇಣುಕಿದ್ದವು. ಕಿಟಕಿಯ ಪಕ್ಕದಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ಕಂಡವರ ಮನೆಯ ಕಿಟಕಿಗಳಿಗೆ ಪರದೆ ಹೊಲಿಯುವುದು ಅವಳ ಕೆಲಸ.

"ಅಕ್ಕಾ, ರಿಸಲ್ಟ್ ಬಂತೇನೇ?"

"ಇನ್ನೂ ಇಲ್ಲ ಕಣೇ. ನಮ್ಮ ಅಂಚೆಯವನಿಗೂ ವಯಸ್ಸಾಯ್ತಲ್ಲ, ನಿಧಾನ."

"ಯಾರಿಗೆ ವಯಸ್ಸಾಯ್ತು? ಆ ಸೈಕಲ್ಲಿನವನಿಗಾ? ಅವನಿಗೆ ಮೀಸೆ ಬಂದಿದ್ದೇ ಹೋದ ವರ್ಷ!"

ಪುಟ್ಟಿ ದಾರದ ತುದಿಯನ್ನು ಹಲ್ಲಿನಲ್ಲಿ ಕಡಿದು ನಕ್ಕಳು. ಅಕ್ಕನೂ ನಕ್ಕಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ನಗು ಅದು.

ಲಕೋಟೆಯಲ್ಲಿದ್ದದ್ದು ಕೆಟ್ಟ ಸುದ್ದಿಯೇನಲ್ಲ. ಜರ್ಮನ್ ಮೌಖಿಕ ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತನಾಲ್ಕು. ಇಂಗ್ಲಿಷ್ ಮತ್ತು ಜರ್ಮನ್ ಎರಡೂ ಸೇರಿದ ಪದವಿ, ಮನೆಯಲ್ಲೇ ಕೂತು ಓದುವ ದೂರಶಿಕ್ಷಣ, ಪೂರ್ತಿ ಆರು ವರ್ಷ. ಉಳಿದಿದ್ದದ್ದು ಇದೊಂದೇ ಪರೀಕ್ಷೆ. ಅಂಕದ ಎದುರಿಗೆ ಅಕ್ಕನ ಹೆಸರಿತ್ತು, ಅಕ್ಕನ ನೋಂದಣಿ ಸಂಖ್ಯೆಯಿತ್ತು. ಪರೀಕ್ಷೆಯಲ್ಲಿ ಮಾತಾಡಿದ್ದು ಮಾತ್ರ ಪುಟ್ಟಿ.

ಅಕ್ಕನಿಗೆ ನಲವತ್ತೊಂದು. ಹೆತ್ತ ತಾಯಿಯೂ ಅವಳನ್ನು 'ಅಕ್ಕಾ' ಎಂದೇ ಕರೆಯುತ್ತಿದ್ದಳು, ಮನೆಯ ಭಾರ ಹೊತ್ತವಳು ಎಂದು. ಕನ್ನಡಕದ ಅಂಗಡಿಯಲ್ಲಿ ಅವಳಿಗೆ ಇಪ್ಪತ್ತೆರಡು ವರ್ಷದ ಕೆಲಸ. ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದು, ಕಣ್ಣು ತೋರಿಸಲು ಬಂದವರನ್ನು ಕುರ್ಚಿಯಲ್ಲಿ ಕೂರಿಸಿ ಗೋಡೆಯ ಅಕ್ಷರದ ಹಲಗೆಯನ್ನು ಓದಿಸುವುದು. ಗಾಜು ಕಳಿಸುವ ಕಂಪನಿಯಿಂದ ಬರುವ ಕಾಗದಗಳೆಲ್ಲ ಇಂಗ್ಲಿಷು, ಇಲ್ಲವೇ ಜರ್ಮನ್. ಆರು ವರ್ಷದ ಹಿಂದೆ ಆ ಕಂಪನಿಯ ಮಾರಾಟದವನು, "ನಮ್ಮಲ್ಲಿ ಎರಡೂ ಬಲ್ಲವರು ಸಿಗೋದೇ ಇಲ್ಲ ಕಣ್ರೀ, ಒಂದು ಡಿಗ್ರಿ ಮಾಡ್ಕೊಳ್ಳಿ, ಪತ್ರವ್ಯವಹಾರದ ಮೇಜು ನಿಮಗೇ" ಎಂದಿದ್ದ. ಆ ಮಾತು ಅಕ್ಕನ ತಲೆಯೊಳಗೆ ಬೀಜದ ಹಾಗೆ ಬಿದ್ದು ಮೊಳೆಯಿತು.

ಅಂದಿನಿಂದ ಮೂರು ತಿಂಗಳಿಗೊಮ್ಮೆ ಅಂಚೆಯಲ್ಲಿ ದಪ್ಪ ಪೆಟ್ಟಿಗೆ ಬರುತ್ತಿತ್ತು. ಒಳಗೆ ಪಾಠದ ಪುಸ್ತಕ, ಅಭ್ಯಾಸದ ಹಾಳೆ, ಕೇಳಿ ಕಲಿಯಲು ಧ್ವನಿಮುದ್ರಿಕೆ. ಅಕ್ಕ ಉತ್ತರ ಬರೆದು ಕಳಿಸಿದರೆ ತಿದ್ದಿದ ಹಾಳೆಗಳು ಹಿಂದಿರುಗುತ್ತಿದ್ದವು, ಅಂಚಿನ ತುಂಬ ಹಸಿರು ಶಾಯಿಯ ಸಣ್ಣ ಅಕ್ಷರ. ಎಂದೂ ಮುಖ ಕಾಣದ ಆ ಅಧ್ಯಾಪಕಿಗೆ ಅಕ್ಕತಂಗಿಯರು ಇಟ್ಟ ಹೆಸರು 'ಹಸಿರು ಶಾಯಿ ಮೇಡಂ'. ಮೇಡಂ ಬೈದರೂ ಬೈಗುಳ ಹಸಿರಾಗಿ ಇರುತ್ತದೆ ಎಂದು ಪುಟ್ಟಿಯ ಸಮಾಧಾನ.

ಬರೆಯುವುದರಲ್ಲಿ ಅಕ್ಕನನ್ನು ಮೀರಿಸುವವರಿರಲಿಲ್ಲ. ಮಾತಾಡು ಎಂದರೆ ಮಾತ್ರ ಮುಗಿಯಿತು. ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಹಿಂದೆ, ಫೋನಿನಲ್ಲೇ ನಡೆಯುವ ಇಂಗ್ಲಿಷ್ ಮೌಖಿಕದಲ್ಲಿ ದೇವರ ಮೇಲೆ ಭಾರ ಹಾಕಿ ಹೇಗೋ ನಲವತ್ತೊಂದು ಅಂಕದಲ್ಲಿ ದಡ ಸೇರಿದ್ದಳು. ಅಂದು ಫೋನು ಕೆಳಗಿಟ್ಟ ಮೇಲೆ ಅವಳು ಮಾಡಿದ ಮೊದಲ ಕೆಲಸ ಬಚ್ಚಲಿಗೆ ಹೋಗಿ ವಾಂತಿ ಮಾಡಿದ್ದು.

ಪುಟ್ಟಿಯದು ಬೇರೆಯೇ ದಾರಿ. ಅಮ್ಮ ಬೆನ್ನುಮೂಳೆ ಮುರಿದುಕೊಂಡು ಹತ್ತೊಂಬತ್ತು ವರ್ಷ ಮಲಗಿದಲ್ಲೇ ಇದ್ದಳಲ್ಲ, ದಿನವೂ ಬೆಳಗ್ಗೆ ಕಣ್ಣು ಮುಚ್ಚಿ ದೇವರ ಪದ್ಯ ಹೇಳುತ್ತಿದ್ದಳು. ಒಂದು ಪದ್ಯದ ಬಾಲ ಹಿಡಿದು ಇನ್ನೊಂದು, ಅದರ ಬಾಲ ಹಿಡಿದು ಮತ್ತೊಂದು. ಅಕ್ಕ ಪಕ್ಕದಲ್ಲಿ ಪುಸ್ತಕ ಹಿಡಿದು ಕೂತರೂ ನಡುವೆ ಎಲ್ಲೋ ಸಾಲು ತಪ್ಪುತ್ತಿದ್ದಳು. ಪುಟ್ಟಿ ಅಮ್ಮನ ಮೈ ಒರೆಸುತ್ತ, ಹಾಸಿಗೆ ಬದಲಿಸುತ್ತ, ಪುಸ್ತಕದ ಮುಖ ನೋಡದೆ ಕಡೆತನಕ ಹೇಳುತ್ತಿದ್ದಳು. ಕೇಳಿದ್ದು ಅವಳಲ್ಲಿ ಉಳಿಯುತ್ತಿತ್ತು, ನೆನೆದ ಮಣ್ಣಿನಲ್ಲಿ ಹೆಜ್ಜೆ ಉಳಿದ ಹಾಗೆ. ಅಮ್ಮ ಹೋಗಿ ಮೂರು ವರ್ಷ. ಪದ್ಯ ನಿಂತ ಮನೆಯಲ್ಲಿ ಜರ್ಮನ್ ಪಾಠದ ಧ್ವನಿಯೊಂದೇ ಉಳಿಯಿತು. ಪುಟ್ಟಿ ಅದನ್ನೂ ಹಾಗೆಯೇ ಕೇಳಿಸಿಕೊಂಡಳು, ಕಾಲು ತುಳಿಮಣೆಯ ಮೇಲೆ, ಕೈ ಬಟ್ಟೆಯ ಮೇಲೆ. ಧ್ವನಿಮುದ್ರಿಕೆಯ ಗಂಡಸು ಪ್ರಶ್ನೆ ಕೇಳಿ, ಅದರ ಹೆಂಗಸು ಉಸಿರೆಳೆದುಕೊಳ್ಳುವಷ್ಟರಲ್ಲಿ ಪುಟ್ಟಿಯ ಉತ್ತರ ಮುಗಿದಿರುತ್ತಿತ್ತು.

"ನೀನೇ ಹೋಗಿ ಪರೀಕ್ಷೆ ಬರಿಯೇ ಮಾರಾಯ್ತಿ" ಎಂದು ಅಕ್ಕ ತಮಾಷೆ ಮಾಡುತ್ತಿದ್ದಳು.

"ಬರೀ ಅಂದ್ರೆ ಕೈ ನಡುಗುತ್ತೆ. ಮಾತಾಡು ಅಂದ್ರೆ ಹೇಳು, ಈಗಲೇ ಹೊರಟೆ" ಎನ್ನುತ್ತಿದ್ದಳು ಪುಟ್ಟಿ.

ತಮಾಷೆ ನಿಜವಾಗಲು ಒಂದು ಶನಿವಾರ ಸಾಕಾಯಿತು.

ಅಂದು ಸಂಜೆ ನಾಲ್ಕಕ್ಕೆ ಸರಿಯಾಗಿ ಜರ್ಮನ್ ಮೌಖಿಕದ ಫೋನು ಬಂತು. ಅಕ್ಕನೇ ಎತ್ತಿಕೊಂಡಳು. ನೋಂದಣಿ ಸಂಖ್ಯೆ ಹೇಳಿದಳು, ಹುಟ್ಟಿದ ತಾರೀಖು ಹೇಳಿದಳು. ಮೇಡಂ ಮೃದುವಾಗಿ ಜರ್ಮನ್‌ನಲ್ಲಿ ಕೇಳಿದರು: "ನೀವೀಗ ಕೂತಿರುವ ಕೋಣೆ ಹೇಗಿದೆ, ನನಗೆ ಹೇಳಿ." ಸಣ್ಣ ಪ್ರಶ್ನೆ. ಬರೆ ಎಂದಿದ್ದರೆ ಅಕ್ಕ ಎರಡು ಪುಟ ಬರೆಯುತ್ತಿದ್ದಳು. ಬಾಯಿ ತೆರೆದಳು, ಮುಚ್ಚಿದಳು. ಆರು ವರ್ಷ, ಇಪ್ಪತ್ನಾಲ್ಕು ಪೆಟ್ಟಿಗೆ ಪುಸ್ತಕ, ಕಂಪನಿಯ ಮೇಜು ಎಲ್ಲವೂ ಕಣ್ಣೆದುರಿಗೇ ಜಾರಿಹೋಗುತ್ತಿದ್ದಂತೆ ಅವಳ ಕೈ ತಾನಾಗಿಯೇ ಫೋನನ್ನು ಪುಟ್ಟಿಯ ಕಡೆಗೆ ಚಾಚಿತು. 'ತಾನಾಗಿಯೇ' ಎಂದು ಆಮೇಲೆ ನೂರು ಸಲ ಅಂದುಕೊಂಡಳು. ಕೈ ತಾನಾಗಿ ಚಾಚುವುದಿಲ್ಲ, ಚಾಚಿದ್ದು ತಾನು ಎಂಬುದು ಅವಳಿಗೆ ಆಗಲೇ ಗೊತ್ತಿತ್ತು. ಒಂದು ಬೆರಳೆತ್ತಿ ತೋರಿಸಿದ್ದಳು ಕೂಡ: ಒಂದೇ ಒಂದು ಉತ್ತರ.

ಫೋನಿನಲ್ಲಿ ಇಬ್ಬರದೂ ಒಂದೇ ದನಿ. ಅಂಗಡಿಯ ಯಜಮಾನರು ಎಷ್ಟೋ ಸಲ ಪುಟ್ಟಿಗೆ, "ನಾಳೆ ಬೇಗ ಬಾಮ್ಮ" ಎಂದು ಹೇಳಿ ಫೋನಿಟ್ಟದ್ದುಂಟು.

ಒಂದು ಉತ್ತರ ಎರಡಾಯಿತು, ಎರಡು ಹತ್ತಾಯಿತು. ಪುಟ್ಟಿ ಹದಿನೆಂಟು ನಿಮಿಷ ಮಾತಾಡಿದಳು. ಕಿಟಕಿ, ಕಿಟಕಿಯಾಚೆಯ ಗೋಡೆ, ಆ ಗೋಡೆಯ ಮೇಲೆ ಮಧ್ಯಾಹ್ನ ಮಾತ್ರ ಬೀಳುವ ಬಿಸಿಲು, ಹೊಲಿಗೆ ಯಂತ್ರ, ಹಾಸಿಗೆ ಮಡಿಸಿಟ್ಟ ಅಮ್ಮನ ಮಂಚ. ನಡುನಡುವೆ ನಕ್ಕಳು. ಅವಳ ಮುಖ ಕೆಂಪಾಗಿತ್ತು, ಕೈಯ ಕತ್ತರಿ ಗಾಳಿಯಲ್ಲಿ ಕುಣಿಯುತ್ತಿತ್ತು. ಅಷ್ಟು ಸಂತೋಷವಾಗಿದ್ದ ಪುಟ್ಟಿಯನ್ನು ಅಕ್ಕ ನೋಡಿಯೇ ಇರಲಿಲ್ಲ.

ಆಮೇಲೆ ಮೇಡಂ ಏನೋ ಕೇಳಿರಬೇಕು, ಮನೆಯಲ್ಲಿ ಇನ್ನು ಯಾರಿದ್ದಾರೆ ಎಂದು. ಪುಟ್ಟಿ ಅಕ್ಕನಾಗಿಯೇ ಉತ್ತರ ಹೇಳಬೇಕಿತ್ತಲ್ಲ, ಹೇಳಿದಳು. ವೇಗದ ಮಾತಿನಲ್ಲಿ ಅರ್ಧ ತಪ್ಪಿಸಿಕೊಳ್ಳುವ ಅಕ್ಕನಿಗೆ ಆ ಮಾತು ಮಾತ್ರ ಅಕ್ಷರ ಅಕ್ಷರವಾಗಿ ಕೇಳಿಸಿತು:

"ನನಗೊಬ್ಬಳು ತಂಗಿ ಇದ್ದಾಳೆ. ಪರದೆ ಹೊಲಿಯುತ್ತಾಳೆ. ಅವಳಿಗೆ ಚಿಕ್ಕಂದಿನಿಂದಲೂ ಓದಿನಲ್ಲಿ ಮನಸ್ಸಿಲ್ಲ."

ಹೇಳಿ ಪುಟ್ಟಿ ನಕ್ಕಳು. ಅಕ್ಕನ ಎದೆಯಲ್ಲಿ ಏನೋ ಕಳಚಿಬಿತ್ತು.

ಏಕೆಂದರೆ ಆ ವಾಕ್ಯ ಅಕ್ಕನದೇ. ಇಪ್ಪತ್ತೆರಡು ವರ್ಷದ ಹಿಂದೆ, ಅಮ್ಮ ಬಿದ್ದು ಎರಡು ತಿಂಗಳಾದಾಗ, ಪುಟ್ಟಿಯ ಶಾಲೆಯ ಮುಖ್ಯೋಪಾಧ್ಯಾಯಿನಿ ಮನೆಗೆ ಬಂದಿದ್ದರು. ಹುಡುಗಿ ಶಾಲೆಗೆ ಯಾಕೆ ಬರುತ್ತಿಲ್ಲ, ಭಾಷೆಯ ವಿಷಯಗಳಲ್ಲಿ ತರಗತಿಗೇ ಮೊದಲು, ಏನಾದರೂ ವ್ಯವಸ್ಥೆ ಮಾಡೋಣ ಎಂದರು. ಅಪ್ಪ ಮೊದಲೇ ಇರಲಿಲ್ಲ. ಅಮ್ಮನ ಹತ್ತಿರ ಒಬ್ಬರು ಇರಲೇಬೇಕಿತ್ತು. ಅಕ್ಕನಿಗೆ ಆಗಷ್ಟೇ ಅಂಗಡಿಯ ಕೆಲಸ ಸಿಕ್ಕಿತ್ತು. ವ್ಯವಸ್ಥೆ ಎಂದರೆ ಯಾರ ಯಾರದೋ ಮನೆ ಬಾಗಿಲಿಗೆ ಅಲೆಯುವುದು, ಪಾಳಿ ಹಾಕಿಕೊಳ್ಳುವುದು, ಕೆಲಸ ಬಿಟ್ಟರೂ ಬಿಡಬೇಕು. ಹತ್ತೊಂಬತ್ತರ ಅಕ್ಕ ಬಾಗಿಲಲ್ಲೇ ನಿಂತು ಹೇಳಿದ್ದಳು: "ಅವಳಿಗೆ ಚಿಕ್ಕಂದಿನಿಂದಲೂ ಓದಿನಲ್ಲಿ ಮನಸ್ಸಿಲ್ಲ ಮೇಡಂ." ಒಳಗೆ ಪುಟ್ಟಿ ಬಕೆಟ್ಟಿಗೆ ನೀರು ಬಿಟ್ಟಿದ್ದಳು, ಆ ಸದ್ದಿಗೆ ಕೇಳಿಸಿರಲಾರದು ಎಂದು ಅಕ್ಕ ಇಷ್ಟು ವರ್ಷವೂ ನಂಬಿಕೊಂಡಿದ್ದಳು. ನಂಬಿಕೆ ಎಂದರೆ ಹಾಗೇ ಅಲ್ಲವೇ, ಬೇಕಾದ ಕಡೆಗೆ ವಾಲುತ್ತದೆ.

ಫೋನಿಟ್ಟ ಮೇಲೆ ಪುಟ್ಟಿ ಅದರ ಬಗ್ಗೆ ಚಕಾರ ಎತ್ತಲಿಲ್ಲ. "ಹೇಗಿತ್ತು? ಹೇಗಿತ್ತೇ?" ಎಂದಷ್ಟೇ ಕೇಳಿ ಅಕ್ಕನ ತೋಳು ಹಿಡಿದು ಅಲ್ಲಾಡಿಸಿದಳು.

ಈಗ ಲಕೋಟೆಯಲ್ಲಿ ಅಂಕದ ಕೆಳಗೆ ಹಸಿರು ಶಾಯಿಯ ನಾಲ್ಕು ಸಾಲು, ಜರ್ಮನ್‌ನಲ್ಲಿ. 'ನಿಮ್ಮ ಕೋಣೆಗೆ ನಾನು ಬಂದರೆ ಎಲ್ಲವನ್ನೂ ಗುರುತು ಹಿಡಿಯಬಲ್ಲೆ. ಇಷ್ಟು ಸಹಜವಾದ ಮಾತು ನಾನು ಬಹಳ ಕಾಲದಿಂದ ಕೇಳಿರಲಿಲ್ಲ. ಒಂದೇ ಕೊರತೆ. ಓದಿನಲ್ಲಿ ಮನಸ್ಸಿಲ್ಲವೆಂದು ನಿಮ್ಮ ತಂಗಿಯೇ ಹೇಳುತ್ತಾಳೆಯೇ ಎಂದು ಕೇಳಿದೆ, ನೀವು ನಕ್ಕು ಸುಮ್ಮನಾದಿರಿ. ಅದಕ್ಕೆ ಉತ್ತರ ಹೇಳಿದ್ದರೆ ಉಳಿದ ಆರು ಅಂಕವನ್ನೂ ಕೊಡುತ್ತಿದ್ದೆ.'

ಆ ಲಕೋಟೆಯನ್ನು ಪುಟ್ಟಿಗೆ ತೋರಿಸುವುದು ಹೇಗೆ? ಅಂಕ ತೋರಿಸಿದರೆ, ಜರ್ಮನ್ ಓದಲು ಬಾರದ ಅವಳಿಗೆ ಕೆಳಗಿನ ಸಾಲುಗಳನ್ನೂ ಓದಿ ಹೇಳಬೇಕು. ಪುಟ್ಟಿ ಬಿಡುವವಳಲ್ಲ.

ನಾಲ್ಕನೆಯ ದಿನ ಅಂಗಡಿಗೆ ಬಸ್ಸಿನ ಚಾಲಕ ಬಂದ. ವರ್ಷಕ್ಕೊಮ್ಮೆ ಬರುವ ಗಿರಾಕಿ. ಕಣ್ಣು ಸರಿಯಿದೆ ಎಂದು ಯಜಮಾನರ ರುಜು ಇದ್ದರೆ ಮಾತ್ರ ಅವನ ಕೈಗೆ ಬಸ್ಸು. ಗುಂಡು ಹೊಟ್ಟೆ, ಊರಗಲ ನಗೆ. ಅವನಿಗಿಂತ ಮೊದಲ ಸರದಿಯ ಹೆಂಗಸು ಹಲಗೆ ಓದುವಾಗ ಅವನು ಪಕ್ಕದ ಬೆಂಚಿನಲ್ಲಿ ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತ ಕೂತಿದ್ದ. ಭಕ್ತಿವಂತ, ಜಪ ಮಾಡುತ್ತಿದ್ದಾನೆ ಎನ್ನಬೇಕು, ಹಾಗೆ.

ಕುರ್ಚಿಯಲ್ಲಿ ಕೂತದ್ದೇ ತಡ, ಗಡಗಡನೆ ಮೇಲಿನಿಂದ ಕೆಳಗಿನ ಸಾಲಿನವರೆಗೆ ಹೇಳಿ ಮುಗಿಸಿದ.

"ಅಣ್ಣಾ," ಎಂದಳು ಅಕ್ಕ, "ಹಲಗೆಯ ದೀಪ ಆರಿಸಿದ್ದೆ, ಇನ್ನೂ ಹಾಕೇ ಇಲ್ಲ."

ಒಳಕೋಣೆಯಲ್ಲಿ ಯಜಮಾನರು ಕೆಮ್ಮಿ ನಗೆ ನುಂಗಿದರು. ಚಾಲಕ ಇಂಗು ತಿಂದ ಮಂಗನಾದ.

"ನನ್ನ ಕಣ್ಣು ಕತ್ತಲಲ್ಲೂ ಕಾಣುತ್ತೆ ತಾಯಿ, ಅಷ್ಟು ಚುರುಕು."

ಅಕ್ಕ ದೀಪ ಹಾಕಿ ಹಲಗೆಯನ್ನು ತಿರುಗಿಸಿಟ್ಟಳು. ಹಿಂಬದಿಯ ಅಕ್ಷರ ಬೇರೆ. ಚಾಲಕನಿಗೆ ಮೂರನೆಯ ಸಾಲು ದಾಟಲಾಗಲಿಲ್ಲ. ಕುತ್ತಿಗೆ ಚಾಚಿದ, ಕಣ್ಣು ಕಿರಿದು ಮಾಡಿದ, ಕಡೆಗೆ ದನಿ ತಗ್ಗಿಸಿದ.

"ಮೂವತ್ತು ವರ್ಷ ಆ ರಸ್ತೆಯಲ್ಲೇ ಓಡಿಸಿದ್ದೀನಿ. ಹೊಂಡ ಹೊಂಡವೂ ಗೊತ್ತು. ಕಣ್ಣಲ್ಲಿ ಓದಿದ್ನೋ ಕಿವಿಯಲ್ಲಿ ಕೇಳಿದ್ನೋ, ಯಾರಿಗೆ ಏನಾಗ್ಬೇಕು ಹೇಳು? ಉತ್ತರ ಸರಿ ಇತ್ತಲ್ಲ!"

"ಉತ್ತರ ಸರಿ ಇತ್ತು ಅಣ್ಣಾ. ಆದ್ರೆ ಅದು ನಿಮ್ಮದಲ್ವಲ್ಲ."

ಹೇಳಿದ ಮಾತು ಅವಳ ಬಾಯಿಂದ ಹೊರಗೆ ಹೋಗದೆ ಗಂಟಲಿನಲ್ಲೇ ತಿರುಗಿ ನಿಂತಂತಾಯಿತು. ದೇವರು ಕೆಲವು ಸಲ ನಮ್ಮ ಬಾಯಿಂದಲೇ ನಮಗೆ ಬುದ್ಧಿ ಹೇಳಿಸುತ್ತಾನೆ, ಬೇರೆ ಬಾಯಿ ಸಿಗಲಿಲ್ಲವೇನೋ ಎಂಬಂತೆ.

ಯಜಮಾನರು ಬಂದು ಚಾಲಕನ ಮೂಗಿನ ಮೇಲೆ ಪರೀಕ್ಷೆಯ ಚೌಕಟ್ಟು ಕೂರಿಸಿ, ಒಂದೊಂದೇ ಗಾಜು ಬದಲಿಸಿದರು. ನಾಲ್ಕನೆಯ ಗಾಜಿಗೆ ಅವನು ಐದನೆಯ ಸಾಲನ್ನು ನಿಜವಾಗಿಯೇ ಓದಿದ. ಓದಿ, ಹಲಗೆ ಬಿಟ್ಟು, ಬಾಗಿಲಾಚೆಯ ಬೀದಿಯನ್ನು ನೋಡುತ್ತ ಕೂತ.

"ಅಯ್ಯೋ, ಆ ಮರಕ್ಕೆ ಎಲೆ ಬಿಡಿಬಿಡಿಯಾಗಿ ಇದೆಯಲ್ಲ!" ಎಂದ.

"ಹೋದ ವರ್ಷವೇ ನಿಜ ಹೇಳಿದ್ರೆ ಹೋದ ವರ್ಷವೇ ಕಾಣ್ತಿತ್ತು" ಎಂದರು ಯಜಮಾನರು.

ಅಂದು ಬುಧವಾರ. ಹಸಿರು ಶಾಯಿ ಮೇಡಂ ವಿದ್ಯಾರ್ಥಿಗಳ ಫೋನಿಗೆ ಸಿಗುವುದು ಬುಧವಾರ ಮಧ್ಯಾಹ್ನ ಎರಡರಿಂದ ಮೂರು. ಅಕ್ಕ ಊಟದ ಡಬ್ಬಿಯನ್ನು ತೆರೆಯಲಿಲ್ಲ. ಗಾಜು ಉಜ್ಜುವ ಹಿಂಬದಿಯ ಕೋಣೆಗೆ ಹೋಗಿ, ಬಾಗಿಲು ಓರೆಯಾಗಿಸಿ, ಫೋನು ಮಾಡಿದಳು. ಕನ್ನಡದಲ್ಲೇ ಮಾತಾಡಿದಳು. ತಪ್ಪೊಪ್ಪಿಕೊಳ್ಳಲು ಹೊರಟವರು ಕಲಿತ ಭಾಷೆಯ ಹಿಂದೆ ಅಡಗಬಾರದು.

"ಮೇಡಂ, ಅವತ್ತು ನಂಬರು, ಹುಟ್ಟಿದ ತಾರೀಖು ಹೇಳಿದ್ದಷ್ಟೇ ನಾನು."

ಆ ಕಡೆ ಕಾಗದ ಮಗುಚುವ ಸದ್ದು ನಿಂತಿತು. "ಆಮೇಲೆ ಮಾತಾಡಿದ್ದು?"

"ನನ್ನ ತಂಗಿ."

"ಪರದೆ ಹೊಲಿಯೋ ತಂಗಿ? ಓದಿನಲ್ಲಿ ಮನಸ್ಸಿಲ್ಲದ ತಂಗಿ?"

"ಹೌದು ಮೇಡಂ."

ಅಕ್ಕ ಎದುರಿನ ತಟ್ಟೆಯಲ್ಲಿದ್ದ ಗಾಜಿನ ಪುಡಿಯ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತ ಕಾದಳು.

"ನೀವು ಹೇಳದೇ ಇದ್ದಿದ್ರೆ ನನಗೆ ಗೊತ್ತಾಗ್ತಾನೇ ಇರಲಿಲ್ಲ," ಎಂದರು ಮೇಡಂ. "ಹೇಳಿದ ಮೇಲೆ ಸುಮ್ನಿರೋಕೂ ಆಗಲ್ಲ. ಈ ಮೌಖಿಕ ರದ್ದಾಗುತ್ತೆ. ಬರೆದ ಪತ್ರಿಕೆಗಳು ಹಾಗೇ ಇರಲಿ ಅಂತ ನಾನು ಕೇಳ್ಕೋತೀನಿ. ಒಂದು ವರ್ಷ ನೀವು ಪರೀಕ್ಷೆಗೆ ಕೂರೋ ಹಾಗಿಲ್ಲ. ಆಮೇಲೆ ಫೋನಲ್ಲಿ ಬೇಡ, ಕೇಂದ್ರಕ್ಕೆ ಬಂದು ಎದುರಿಗೆ ಕೂತು ಮಾತಾಡ್ಬೇಕು."

"ಆಗಲಿ ಮೇಡಂ. ಆ ತೊಂಬತ್ತನಾಲ್ಕು...?"

"ಅಳಿಸಬೇಕಾಗುತ್ತೆ. ಅದು ಯಾರ ಹೆಸರಿಗೂ ಹೋಗಲ್ಲ." ಮೇಡಂ ನಿಟ್ಟುಸಿರಿಟ್ಟದ್ದು ಕೇಳಿಸಿತು. "ನೀವು ನನಗೆ ಫೋನ್ ಮಾಡ್ತಿರೋದು ನಿಮ್ಮ ತಂಗಿಗೆ ಗೊತ್ತಾ?"

"ಇಲ್ಲ."

"ಹ್ಞೂಂ" ಎಂದರು ಮೇಡಂ. ಅಷ್ಟೇ.

ಕಂಪನಿಯ ಮೇಜು ಹೋಯಿತು. ಮಾರಾಟದವನು ಒಂದು ವರ್ಷ ಕಾಯುವ ಪೈಕಿಯಲ್ಲ. ಆದರೂ ಸಂಜೆ ಮನೆಗೆ ನಡೆಯುವಾಗ ಅಕ್ಕನಿಗೆ ಮೈ ಹಗುರವಾಗಿತ್ತು. ಉಪ್ಪು ತಿಂದವರು ನೀರು ಕುಡಿದಾಯಿತು, ಇನ್ನೇನು ಎಂಬ ಹಾಗೆ. ನಾಲ್ಕು ದಿನದಿಂದ ಕಾಣದಿದ್ದ ಬೀದಿಯ ಬೆಕ್ಕು, ಒಣಹಾಕಿದ ಬಟ್ಟೆ, ಸೈಕಲ್ ರಿಪೇರಿಯವನ ಶಿಳ್ಳೆ ಎಲ್ಲವೂ ಕಂಡವು, ಕೇಳಿಸಿದವು. ಆ ಹಗುರವೇ ಮೋಸದ್ದು ಎಂದು ಅವಳಿಗೆ ಹೊಳೆಯಲಿಲ್ಲ.

ಮನೆಗೆ ಬಂದವಳೇ ಕಂಬಳಿ ತೆಗೆದು, ನಿಘಂಟು ಇಳಿಸಿ, ಲಕೋಟೆಯನ್ನು ಹೊಲಿಗೆ ಯಂತ್ರದ ಮೇಲಿಟ್ಟಳು.

"ಬಂತಾ!" ಪುಟ್ಟಿಯ ಕಾಲು ತುಳಿಮಣೆಯ ಮೇಲೆ ನಿಂತಿತು. "ಎಷ್ಟೇ?"

"ತೊಂಬತ್ತನಾಲ್ಕು."

"ನೂರಕ್ಕಾ? ಸುಳ್ಳು! ಇನ್ನೂರಕ್ಕಿರಬೇಕು ನೋಡು ಸರಿಯಾಗಿ!" ಪುಟ್ಟಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅಂಕಿಯ ಮೇಲೆ ಹೆಬ್ಬೆರಳು ಸವರಿದಳು. ಅವಳ ಕಣ್ಣು ತುಂಬಿ ಬಂತು. "ಅಮ್ಮ ಇರಬೇಕಿತ್ತು."

"ಪುಟ್ಟೀ, ಕೇಳಿಲ್ಲಿ. ಅದು ಈಗ ಇಲ್ಲ ಕಣೇ."

ಅಕ್ಕ ಎಲ್ಲ ಹೇಳಿದಳು. ಚಾಲಕ, ದೀಪ, ಹಿಂಬದಿಯ ಕೋಣೆ, ಮೇಡಂ, ರದ್ದು, ಒಂದು ವರ್ಷ. ಹೇಳುತ್ತ ಹೇಳುತ್ತ ಪುಟ್ಟಿ ತನ್ನನ್ನು ತಬ್ಬಿಕೊಳ್ಳುತ್ತಾಳೆ, 'ಒಳ್ಳೆಯದಾಯ್ತು ಬಿಡಕ್ಕಾ' ಎನ್ನುತ್ತಾಳೆ ಎಂದು ಎಲ್ಲೋ ಒಳಗೆ ಕಾಯುತ್ತಿದ್ದಳು. ಪುಟ್ಟಿ ಹಾಳೆಯನ್ನು ಮೆಲ್ಲಗೆ ಯಂತ್ರದ ಮೇಲಿಟ್ಟಳು.

"ನನ್ನನ್ನ ಒಂದು ಮಾತು ಕೇಳಿದ್ಯಾ?"

"ತಪ್ಪು ನಂದು ಕಣೇ. ನಿನ್ನನ್ನ ಯಾಕೆ ಎಳೀಲಿ ಅಂತ..."

"ತಪ್ಪು ನಿಂದು. ಅಂಕ ನಂದು." ಪುಟ್ಟಿಯ ದನಿ ಏರಲಿಲ್ಲ, ಅದೇ ಅಕ್ಕನನ್ನು ಹೆದರಿಸಿತು. "ಹುಟ್ಟಿ ಬುದ್ಧಿ ಬಂದಾಗಿಂದ ಯಾರೂ ನನಗೆ ಅಂತ ಒಂದು ಅಂಕ ಕೊಟ್ಟಿಲ್ಲ. ನಾಲ್ಕು ದಿನ ಬಚ್ಚಿಟ್ಟೆ. ಇವತ್ತು ತೋರಿಸ್ದೆ. ತೋರಿಸೋ ಮೊದಲೇ ವಾಪಸ್ಸು ಕೊಟ್ಟು ಬಂದಿದ್ದೆ. ನಿನ್ನ ಮನಸ್ಸು ಹಗುರ ಆಯ್ತು, ಅಲ್ವಾ?"

ಅಕ್ಕ ಬಾಯಿ ತೆರೆದಳು. ನಾಲಿಗೆ ಅಂಗುಳಕ್ಕೆ ಅಂಟಿತು. ಈ ಸಲ ಭಾಷೆ ಕನ್ನಡವೇ.

"ಅವತ್ತೂ ಬಾಗಿಲಲ್ಲಿ ನಿಂತು ನನ್ನ ಪರವಾಗಿ ನೀನೇ ಹೇಳ್ದೆ. ಇವತ್ತೂ ನೀನೇ ಹೋಗಿ ಹೇಳಿ ಬಂದೆ. ನನ್ನ ಬಾಯಿಗೆ ಯಾರಾದ್ರೂ ಹೊಲಿಗೆ ಹಾಕಿದ್ದಾರಾ ಅಕ್ಕಾ?"

"ನೀರು ಬಿಟ್ಟಿದ್ದೆ ನೀನು..." ಎಂದಳು ಅಕ್ಕ ಕಡೆಗೆ. ಹೇಳಿದ ಮೇಲೆ, ಹೇಳಬಾರದಿತ್ತು ಎನ್ನಿಸಿತು.

"ನೀರಿನ ಸದ್ದಲ್ಲಿ ಕೇಳಲ್ಲ ಅಂದ್ಕೊಂಡ್ಯಾ? ನನ್ನ ಕಿವಿ ಎಂಥದು ಅಂತ ನಿನಗೆ ಗೊತ್ತಿಲ್ವಾ?" ಪುಟ್ಟಿ ಕಿಟಕಿಯಾಚೆ ನೋಡಿದಳು. "ಅಮ್ಮನಿಗೂ ಕೇಳಿಸ್ತು. ಅವಳ ಮುಖ ಒರೆಸ್ತಿದ್ದೆ. ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡ್ಕೊಂಡ್ಳು. ಹೋಗ್ಬೇಡ ಅಂತ ಹಿಡಿದ್ಳೋ, ಹೋಗಿ ಹೇಳು ಅಂತ ಹಿಡಿದ್ಳೋ ಇವತ್ತಿಗೂ ಗೊತ್ತಿಲ್ಲ. ನಾನು ಕೇಳ್ಲಿಲ್ಲ, ಅವಳು ಹೇಳ್ಲಿಲ್ಲ."

ಅಕ್ಕ ಹಾಳೆಯ ಕೆಳಗಿನ ಹಸಿರು ಸಾಲುಗಳನ್ನು ಓದಿ ಹೇಳಿದಳು. ಓದದಿದ್ದರೂ ಆಗುತ್ತಿತ್ತು, ಆದರೆ ಇನ್ನು ಏನನ್ನೂ ಬಚ್ಚಿಡುವ ಶಕ್ತಿ ಅವಳಲ್ಲಿ ಇರಲಿಲ್ಲ. ಓದಿ ಮುಗಿಸಿ ಕೇಳಿದಳು: "ಅವತ್ತು ನಿನಗೆ ಓದಬೇಕು ಅಂತ ಇತ್ತೇನೇ?"

"ಈಗ ಕೇಳ್ತೀಯಾ?" ಎಂದಳು ಪುಟ್ಟಿ.

ಹಾಳೆಯನ್ನು ಎರಡಾಗಿ ಮಡಿಸಿ, ದಾರದ ಉಂಡೆಗಳ ತಗಡಿನ ಡಬ್ಬಿಯಲ್ಲಿಟ್ಟು, ಮುಚ್ಚಳ ಒತ್ತಿ, ಯಂತ್ರ ತುಳಿಯತೊಡಗಿದಳು.

ಒಂಬತ್ತು ದಿನ ಮನೆಯಲ್ಲಿ ಬೇಕಾದಷ್ಟೇ ಮಾತು. 'ಊಟಕ್ಕೆ ಬಾ', 'ಬಾಗಿಲು ಹಾಕು', 'ನೀರು ಬಂತು'. ಅಕ್ಕ ಬೆಳಗ್ಗೆ ದೇವರ ಮುಂದೆ ಕೂತರೆ ಪದ್ಯದ ಎರಡನೆಯ ಸಾಲು ಮರೆತುಹೋಗುತ್ತಿತ್ತು. ಹಿಂದೆಲ್ಲ ಪುಟ್ಟಿ ಇದ್ದ ಕಡೆಯಿಂದಲೇ ಅದನ್ನು ಎತ್ತಿಕೊಡುತ್ತಿದ್ದಳು. ಈಗ ಯಂತ್ರದ ಕಡೆಯಿಂದ ಏನೂ ಬರುತ್ತಿರಲಿಲ್ಲ. ಅಕ್ಕ ಮೊದಲ ಸಾಲನ್ನೇ ಮತ್ತೆ ಮತ್ತೆ ಹೇಳಿ, ಕೈ ಮುಗಿದು ಎದ್ದುಬಿಡುತ್ತಿದ್ದಳು. ಕ್ಷಮಿಸು ಎಂದು ದೇವರನ್ನು ಕೇಳುವುದು ಸುಲಭ, ಅವನು ಎದುರು ಮಾತಾಡುವುದಿಲ್ಲ. ಅಂಚೆಯಲ್ಲಿ ರದ್ದಿನ ಪತ್ರವೂ ಬಂತು. ಅದನ್ನು ಅಕ್ಕ ಬಚ್ಚಿಡಲಿಲ್ಲ, ಮೇಜಿನ ಮೇಲೆಯೇ ಬಿಟ್ಟಳು. ಜರ್ಮನ್ ಪಾಠದ ಧ್ವನಿ ಹಾಕುವ ಧೈರ್ಯ ಮಾತ್ರ ಅವಳಿಗೆ ಆಗಲಿಲ್ಲ.

ಹತ್ತನೆಯ ದಿನ ಶನಿವಾರ. ಅಂಗಡಿ ಅರ್ಧ ದಿನ. ಗೋಡೆಯ ಮೇಲೆ ಮಧ್ಯಾಹ್ನದ ಬಿಸಿಲು ಬಿದ್ದಿತ್ತು. ಪುಟ್ಟಿ ಯಾರದೋ ದೊಡ್ಡ ಕಿಟಕಿಯ ನೀಲಿ ಪರದೆಗೆ ಅಂಚು ಕಟ್ಟುತ್ತಿದ್ದಳು. ಅಕ್ಕ ಬಟ್ಟೆಯ ಇನ್ನೊಂದು ತುದಿ ನೆಲಕ್ಕೆ ತಾಗದಂತೆ ಎತ್ತಿ ಹಿಡಿದು ಕೂತಿದ್ದಳು. ಈ ಒಂದು ಕೆಲಸಕ್ಕೆ ಪುಟ್ಟಿ ಬೇಡ ಎಂದಿರಲಿಲ್ಲ. ಯಂತ್ರ ನಿಂತಿತು. ಪುಟ್ಟಿ ತಲೆಯೆತ್ತದೆ ಜರ್ಮನ್‌ನಲ್ಲಿ ಕೇಳಿದಳು:

"ನೀವೀಗ ಕೂತಿರುವ ಕೋಣೆ ಹೇಗಿದೆ?"

"ಪುಟ್ಟೀ..."

"ಕನ್ನಡ ಬೇಡ. ಮುಂದಿನ ವರ್ಷ ಎದುರಿಗೆ ಕೂತು ಹೇಳ್ಬೇಕು ತಾನೆ? ಅಲ್ಲಿ ಫೋನ್ ಚಾಚೋಕೆ ನಾನಿರಲ್ಲ." ಮತ್ತೆ ಜರ್ಮನ್‌ನಲ್ಲಿ, ಮೇಡಂ ಹೇಗೆ ಕೇಳಿದ್ದರೋ ಅದೇ ಏರಿಳಿತದಲ್ಲಿ: "ಕೋಣೆ ಹೇಗಿದೆ?"

ಅಕ್ಕ ಬಾಯಿ ತೆರೆದಳು, ಮುಚ್ಚಿದಳು. ಪುಟ್ಟಿ ಕಾದಳು. ಮೊದಲಾಗಿದ್ದರೆ ಪದ ಎತ್ತಿಕೊಡುತ್ತಿದ್ದಳು. ಈಗ ಸೂಜಿಗೆ ದಾರ ಪೋಣಿಸುತ್ತ ಸುಮ್ಮನೆ ಕಾದಳು.

"ಕೋಣೆಗೆ... ಒಂದು ಕಿಟಕಿ ಇದೆ," ಎಂದಳು ಅಕ್ಕ, ಒಂದೊಂದೇ ಪದ ಹುಡುಕಿ ತೆಗೆದು. "ಒಂದು ಯಂತ್ರ ಇದೆ. ಒಂದು ಮಂಚ. ಮಂಚ ಖಾಲಿ."

"ಇನ್ನು ಯಾರಿದ್ದಾರೆ?"

"ನನ್ನ ತಂಗಿ."

ಪುಟ್ಟಿ ಮುಖವೆತ್ತಿ ಅಕ್ಕನನ್ನು ನೋಡಿದಳು. "ಅವಳ ಬಗ್ಗೆ ಹೇಳಿ."

ಬಿಸಿಲು ಗೋಡೆಯಿಂದ ಜಾರಲು ಶುರುವಾಗಿತ್ತು. ಅಕ್ಕನ ಕೈಯಲ್ಲಿದ್ದ ನೀಲಿ ಬಟ್ಟೆ ಬೆವರಿಗೆ ಒದ್ದೆಯಾಯಿತು. ಜರ್ಮನ್ ಪದಗಳು ಎಲ್ಲೋ ಇದ್ದವು, ಆರು ವರ್ಷದ ಪೆಟ್ಟಿಗೆಗಳ ತಳದಲ್ಲಿ. ಅವಳು ಒಂದನ್ನು ಎತ್ತಿದಳು, ಸರಿಯಲ್ಲವೆಂದು ಬಿಟ್ಟಳು, ಇನ್ನೊಂದನ್ನು ಎತ್ತಿದಳು.

"ನನ್ನ ತಂಗಿಯನ್ನು," ಎಂದಳು, ತಡವರಿಸಿ, ಮತ್ತೆ ಮೊದಲಿನಿಂದ, "ನನ್ನ ತಂಗಿಯನ್ನು ನಾನು ಕೇಳಲಿಲ್ಲ."

ಪುಟ್ಟಿ ಸರಿ ಎನ್ನಲಿಲ್ಲ, ತಪ್ಪು ಎಂದೂ ಅನ್ನಲಿಲ್ಲ. ಸೂಜಿಯ ಕೆಳಗೆ ಬಟ್ಟೆ ಸರಿಪಡಿಸಿ, ಚಕ್ರದ ಮೇಲೆ ಕೈಯಿಟ್ಟು, ಅಕ್ಕನ ಕಡೆ ನೋಡದೆ ಜರ್ಮನ್‌ನಲ್ಲಿ ಒಂದೇ ಪದ ಹೇಳಿದಳು:

"ಮುಂದೆ?"